ಎರಡನೆಯ ಯಂತ್ರ

ಸಣ್ಣಯ್ಯ ಮೇಷ್ಟ್ರ ಅಂಗಿಯ ಜೇಬಿನಲ್ಲಿ, ಬೇರೆ ಮೇಷ್ಟ್ರುಗಳು ಪೆನ್ನು ಸಿಕ್ಕಿಸುವ ಜಾಗದಲ್ಲಿ, ಒಂದು ವರ್ನಿಯರ್ ಕ್ಯಾಲಿಪರ್ ಇರುತ್ತಿತ್ತು. ತಗಡಿನ ದಪ್ಪ, ಬೋಲ್ಟಿನ ಗಾತ್ರ ಅಳೆಯುವ, ಹಕ್ಕಿಯ ಕೊಕ್ಕಿನಂಥ ಮೂತಿಯ ಉಕ್ಕಿನ ಉಪಕರಣ ಅದು. ಅದರ ಭಾರಕ್ಕೆ ಅವರ ಎಲ್ಲ ಅಂಗಿಗಳ ಎಡಜೇಬೂ ಒಂದು ಬೆರಳಿನಷ್ಟು ಕೆಳಗೆ ಜೋತಿತ್ತು.

ಒಮ್ಮೆ ಹಿರೀಸಾವೆಯ ಹೆದ್ದಾರಿ ಹೋಟೆಲಿನಲ್ಲಿ ನಮ್ಮ ಮುಂದೆ ಎರಡು ಉದ್ದಿನ ವಡೆ ಬಂದವು. ಮೇಷ್ಟ್ರು ಕ್ಯಾಲಿಪರ್ ತೆಗೆದು ಎರಡರ ದಪ್ಪವನ್ನೂ ಅಳೆದರು. ತಟ್ಟೆ ಇಟ್ಟು ಹೋಗುತ್ತಿದ್ದ ಸಪ್ಲೈಯರ್ ನಿಂತು ನೋಡಿದ.

"ಸಾ, ವಡೆ ತಿನ್ನೋಕೆ ಬಂದ್ರೋ, ಹೆಣ್ಣು ನೋಡೋಕೆ ಬಂದ್ರೋ?"

"ಎರಡೂ ಒಂದೇ ಕೈ ತಟ್ಟಿದ್ದು ಕಣಪ್ಪ," ಎಂದರು ಮೇಷ್ಟ್ರು, ಮೂತಿಗೆ ಹತ್ತಿದ ಎಣ್ಣೆ ಒರೆಸುತ್ತ. "ಆದ್ರೂ ಎರಡು ಮಿಲಿ ವ್ಯತ್ಯಾಸ ಐತೆ. ಒಂದು ಕೈಯೇ ಇಂಗಾದ್ರೆ ಎರಡು ಕೈ ಎಂಗೆ ಒಂದೇ ಥರ ಮಾಡ್ತವೆ?"

"ಅದಕ್ಕೇ ಸಾ ಚಟ್ನಿ ಕೊಡೋದು," ಎಂದು ಅವನು ಹೊರಟುಹೋದ.

ಮೇಷ್ಟ್ರು ಆ ಮಾತಿಗೆ ಬಹಳ ಹೊತ್ತು ನಕ್ಕರು. ಚನ್ನರಾಯಪಟ್ಟಣ ತಲುಪಿದ ಮೇಲೂ ಒಮ್ಮೆ ನೆನೆದು, "ನಮ್ಮ ವರ್ಕ್‌ಶಾಪ್‌ಗಳೂ ಅಂಗೇ. ಅಳ್ತೆ ತಪ್ಪಿದ್ದಕ್ಕೆಲ್ಲ ಮೇಲೆ ಪೇಂಟು," ಎಂದರು.

ಅವರು ಹೊಳೆನರಸೀಪುರದ ಕೈಗಾರಿಕಾ ತರಬೇತಿ ಸಂಸ್ಥೆಯೊಂದರಲ್ಲಿ ಫಿಟ್ಟರ್ ವಿಭಾಗದ ಮೇಷ್ಟ್ರಾಗಿದ್ದು ನಿವೃತ್ತರಾದವರು. ಹಾಸನ ಜಿಲ್ಲೆಯ ಈ ಕಡೆಯ ತಾಲ್ಲೂಕುಗಳಲ್ಲಿ ವೆಲ್ಡಿಂಗ್ ಬೆಳಕು ಕಂಡ ಕಡೆ ಒಳಗೆ ಹೋದರೆ ಅವರ ಶಿಷ್ಯನೊಬ್ಬ ಸಿಗುತ್ತಿದ್ದ. ಶಿಷ್ಯನನ್ನು ಅವರು ಮನೆ, ಮಕ್ಕಳು ಎಂದು ವಿಚಾರಿಸುವ ಮೊದಲು ಎರಡು ಪ್ರಶ್ನೆ ಕೇಳುತ್ತಿದ್ದರು: "ಏನು ಮಾಡ್ತಿದ್ದೀಯಾ? ಅಳ್ತೆ ಎಲ್ಲಿ ಬರ್ದಿದ್ದೀಯಾ?" ಮೊದಲನೆಯದಕ್ಕೆ ಎಲ್ಲರ ಬಳಿಯೂ ಉತ್ತರವಿರುತ್ತಿತ್ತು. ಎರಡನೆಯದಕ್ಕೆ ತಲೆ ಕೆರೆದುಕೊಳ್ಳುತ್ತಿದ್ದರು.

ನನಗೆ ಅವರ ಪರಿಚಯವಾದದ್ದು ನನ್ನದೇ ಒಂದು ವರದಿಯಿಂದ. ಹಾಸನದಲ್ಲಿ ಜಿಲ್ಲಾ ವರದಿಗಾರನಾಗಿದ್ದ ನಾನು, ಅರಕಲಗೂಡಿನ ವರ್ಕ್‌ಶಾಪ್ ಮಾಲೀಕ ಶಿವಣ್ಣ ತಯಾರಿಸಿದ ಆಲೂಗಡ್ಡೆ ಕೀಳುವ ಯಂತ್ರದ ಬಗ್ಗೆ ಬರೆದಿದ್ದೆ. ಆ ಯಂತ್ರಕ್ಕೆ ನಿಜವಾಗಿ ಬೆಲೆ ಇತ್ತು. ಪಂಜಾಬಿನಿಂದ ಬರುವ ಯಂತ್ರಗಳು ಅಲ್ಲಿನ ಸಡಿಲ ಮಣ್ಣಿಗೆ, ದೊಡ್ಡ ಹೊಲಗಳಿಗೆ ಹೊಂದುವಂಥವು. ನಮ್ಮಲ್ಲಿ ಗಡ್ಡೆ ಕೀಳುವುದು ಮಳೆಗಾಲದಲ್ಲಿ. ಕೆಂಪು ಮಣ್ಣು ಹೆಂಟೆಯಾಗಿ ಅಂಟಿಕೊಂಡು ಯಂತ್ರದ ಸರಳುಗಳ ನಡುವೆ ತುಂಬಿಕೊಳ್ಳುತ್ತದೆ. ಶಿವಣ್ಣ ಸರಳುಗಳ ಅಂತರ ಹೆಚ್ಚಿಸಿ, ಯಂತ್ರದ ಅಗಲ ತಗ್ಗಿಸಿ, ಸಾಲಿನ ಅಡಿಗೆ ನುಗ್ಗುವ ಬ್ಲೇಡಿನ ಓರೆ ಬದಲಿಸಿ, ಸಣ್ಣ ಟ್ರಾಕ್ಟರ್ ಎಳೆಯುವ ಹಾಗೆ ಮಾಡಿದ್ದ. ನಾನು 'ಅರಕಲಗೂಡಿನ ವಿಜ್ಞಾನಿ' ಎಂದು ಶೀರ್ಷಿಕೆ ಕೊಟ್ಟು, ಯಂತ್ರದ ಪಕ್ಕ ಕೈಕಟ್ಟಿ ನಿಂತ ಅವನ ಚಿತ್ರ ಹಾಕಿಸಿದ್ದೆ.

ಒಂದು ಬೆಳಿಗ್ಗೆ ಮೇಷ್ಟ್ರು ಆ ವರದಿಯ ತುಣುಕು ಹಿಡಿದು ಕಚೇರಿಗೆ ಬಂದರು. ಕೂರಲಿಲ್ಲ.

"ಸ್ವಾಮಿ, ಇದನ್ನ ಬರ್ದೋರು ನೀವೇಯಾ?"

ಹೌದು ಎಂದೆ. ಹೊಗಳಿಕೆ ಬರಬಹುದೆಂದುಕೊಂಡಿದ್ದೆ.

"ಎರಡನೇದು ಎಲ್ಲೈತೆ?"

"ಎರಡನೇದು ಅಂದರೆ?"

"ಇದು ಒಂದು ಯಂತ್ರ. ಇದೇ ಅಳ್ತೇಲಿ ಮಾಡಿದ ಇನ್ನೊಂದು ಎಲ್ಲೈತೆ? ಶಿವಣ್ಣನ ಕೈಲಿ ಒಂದಾಯ್ತು. ಅವನಿಗೆ ಜ್ವರ ಬಂದ್ರೆ ಮಾಡೋರು ಯಾರು? ಅದನ್ನ ಕೇಳಿದ್ರಾ?"

ಕೇಳಿರಲಿಲ್ಲ. ವರದಿಗಾರನಾಗಿ ಹದಿನೈದು ವರ್ಷದಲ್ಲಿ ನಾನು ಇಂಥ ಎಷ್ಟೋ ಸಾಧಕರ ಬಗ್ಗೆ ಬರೆದಿದ್ದೆ. ಆ ದಿನ ಹಳೆಯ ಸಂಚಿಕೆಗಳನ್ನು ತೆಗೆಸಿ ನೋಡಿದೆ. ತೆಂಗಿನ ಸಿಪ್ಪೆ ಸುಲಿಯುವ ಯಂತ್ರ, ಶುಂಠಿ ತೊಳೆಯುವ ಯಂತ್ರ, ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿಗೆ ಹೊಸ ಒಲೆ. ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಯಾವುದಕ್ಕೂ ಎರಡನೆಯದು ಇರಲಿಲ್ಲ. ಒಬ್ಬರಂತೂ, "ಆ ಒಂದೂ ಗುಜರಿಗೆ ಓಯ್ತು ಸಾ, ನೀವು ಹಾಕಿದ ಫೋಟೋ ಮಾತ್ರ ಗೋಡೇಲಿ ಐತೆ," ಎಂದರು. ಮುಂದಿನ ಭಾನುವಾರ ನಾನೇ ಹೊಳೆನರಸೀಪುರದ ಬಸ್ಸು ಹತ್ತಿದೆ.

ಮೇಷ್ಟ್ರು ದೇಶದ ಆರ್ಥಿಕತೆಯ ಬಗ್ಗೆ ಭಾಷಣ ಮಾಡುವವರಲ್ಲ. ಆದರೆ ಯುವಕರಾಗಿದ್ದಾಗ ತರಬೇತಿಗೆಂದು ಕೊಯಮತ್ತೂರಿಗೆ ಹೋಗಿ ಕೆಲವು ತಿಂಗಳು ಇದ್ದದ್ದು ಅವರ ತಲೆಯಲ್ಲಿ ಒಂದು ನಕಾಶೆಯಂತೆ ಉಳಿದಿತ್ತು. ಅಲ್ಲಿ ಪಂಪು ಮಾಡುವ ಸಣ್ಣ ಶೆಡ್ಡಿನ ಮಾಲೀಕ ಬೆಳಿಗ್ಗೆ ಎರಕದ ತುಂಡನ್ನು ಸೈಕಲ್ ಮೇಲೆ ಇಟ್ಟುಕೊಂಡು ಕಾಲೇಜಿನ ಪ್ರಯೋಗಾಲಯಕ್ಕೆ ಹೋಗುತ್ತಿದ್ದನಂತೆ. ಸಂಜೆಗೆ ಎಲ್ಲಿ ಬಿರುಕು, ಯಾಕೆ ಬಿರುಕು ಎಂದು ಒಂದು ಚೀಟಿ ಬರುತ್ತಿತ್ತಂತೆ.

"ಅಲ್ಲಿ ಜನ ನಮ್ಮೋರಿಗಿಂತ ಬುದ್ಧಿವಂತ್ರೇನಲ್ಲ ಕಣಪ್ಪ. ಅಲ್ಲಿ ಕೇಳೋಕೆ ಒಂದು ಜಾಗ ಇತ್ತು. ಕೇಳಿದ್ರೆ ಬೈತಿರ್ಲಿಲ್ಲ," ಎನ್ನುತ್ತಿದ್ದರು. "ನಮ್ಮಲ್ಲಿ ರೈತನಿಗೆ ಗೊತ್ತಿರೋದು ವರ್ಕ್‌ಶಾಪ್‌ಗೆ ಗೊತ್ತಿಲ್ಲ. ವರ್ಕ್‌ಶಾಪ್‌ಗೆ ಗೊತ್ತಿರೋದು ಕಾಲೇಜಿಗೆ ಗೊತ್ತಿಲ್ಲ. ಕಾಲೇಜಿಗೆ ಗೊತ್ತಿರೋದು ಸರ್ಕಾರದ ಫೈಲಿಗೆ ಗೊತ್ತಿಲ್ಲ. ಇನ್ನು ದೇಶ ಮುಂದಕ್ಕೆ ಓಗು ಅಂದ್ರೆ ಯಾವ ಕಾಲು ಎತ್ತಿಡಬೇಕು ಅದು?"

ಅವರು ಹಿಡಿದ ಕೆಲಸ ಇಷ್ಟೇ: ಶಿವಣ್ಣನ ಯಂತ್ರಕ್ಕೆ ಒಂದು ನಕ್ಷೆ ಬರೆಯುವುದು, ಆ ನಕ್ಷೆಯಂತೆ ಬೇರೆ ಊರಿನವರೂ ಮಾಡುವಂತೆ ಮಾಡುವುದು, ಸರ್ಕಾರದ ಪರೀಕ್ಷಾ ಕೇಂದ್ರದಿಂದ ಮಾನ್ಯತೆ ಪಡೆಯುವುದು. ಮಾನ್ಯತೆ ಇಲ್ಲದ ಯಂತ್ರ ಕೃಷಿ ಇಲಾಖೆಯ ಪಟ್ಟಿಗೆ ಸೇರುವುದಿಲ್ಲ. ಪಟ್ಟಿಯಲ್ಲಿಲ್ಲದ್ದಕ್ಕೆ ಸಹಾಯಧನವಿಲ್ಲ. ಹಾಗಾದರೆ ರೈತ ಹೊರರಾಜ್ಯದ ಯಂತ್ರವನ್ನೇ ಕೊಳ್ಳುತ್ತಾನೆ, ಶಿವಣ್ಣನಂಥವರು ಅದರ ಚೈನು ಬಿಗಿಮಾಡಿಕೊಂಡು ಇರಬೇಕಾಗುತ್ತದೆ. "ನಾವು ಮಾಡೋರಾ, ರಿಪೇರಿ ಮಾಡೋರಾ, ಅದು ತೀರ್ಮಾನ ಆಗ್ಲಿ," ಎನ್ನುತ್ತಿದ್ದರು.

ಮೊದಲ ಅಡ್ಡಿ ಶಿವಣ್ಣನೇ, ಅವನೂ ಮೇಷ್ಟ್ರ ಹಳೆಯ ಶಿಷ್ಯ. ಅವನ ಬಳಿ ನಕ್ಷೆ ಇರಲಿಲ್ಲ. ಒಂದು ಬಿದಿರು ಕಡ್ಡಿ ಇತ್ತು. ಯಂತ್ರದ ಎಲ್ಲ ಅಳತೆಯನ್ನೂ ಅವನು ಆ ಕಡ್ಡಿಯ ಮೇಲೆ ಕಚ್ಚು ಹಾಕಿ ಗುರುತಿಸಿದ್ದ. ಕೆಲಸ ಮುಗಿದ ಮೇಲೆ ಕಡ್ಡಿ ಶೆಡ್ಡಿನ ಜಂತಿಯ ಮೇಲೆ ಹೋಗುತ್ತಿತ್ತು. ನಮ್ಮ ಕಡೆಯ ವರ್ಕ್‌ಶಾಪ್‌ಗಳಲ್ಲಿ ಇದು ರೂಢಿ. ಒಬ್ಬನ ಕಡ್ಡಿಯನ್ನು ಇನ್ನೊಬ್ಬ ಮುಟ್ಟುವಂತಿಲ್ಲ.

ಮೇಷ್ಟ್ರ ಜೊತೆ ನಾನೂ ಅಲ್ಲಿ ಕೂತಿದ್ದೆ. ಶಿವಣ್ಣ ಟೀ ತರಿಸಿದ, ಬಾಳೆಹಣ್ಣು ತರಿಸಿದ, ಕಡ್ಡಿ ಮಾತ್ರ ಇಳಿಸಲಿಲ್ಲ.

"ಅಳ್ತೆ ಕೊಟ್ಬುಟ್ರೆ ನಾಳೆ ಊರೆಲ್ಲಾ ನನ್ ಮಿಷಿನ್ ಮಾಡ್ತಾರೆ ಸಾ."

"ಮಾಡ್ಲಿ ಅಂತ್ಲೇ ಕಣ್ಲಾ ಕೇಳ್ತಿರೋದು. ಮೊದ್ಲು ಮಾಡ್ದೋನು ಶಿವಣ್ಣ ಅಂತ ನಕ್ಷೆ ಮೇಲೆ ನಿನ್ನ ಹೆಸ್ರು ಇರ್ತದೆ."

"ಹೆಸ್ರು ಇಟ್ಕೊಂಡು ಸಾರು ಮಾಡ್ಲಾ?"

ಮೇಷ್ಟ್ರು ವಾದಿಸಲಿಲ್ಲ. "ಹಿರೀಸಾವೆ ಹತ್ರ ಒಬ್ಬರಿಗೆ ಆ ಮೊದಲ್ನೇ ಮಿಷಿನ್ ಕೊಟ್ಟಿದ್ದೆಯಲ್ಲ, ಏನಾಯ್ತು?" ಎಂದು ಕೇಳಿದರು. ಆದದ್ದು ನಮಗೆಲ್ಲ ಗೊತ್ತಿತ್ತು. ಕೊಯ್ಲಿನ ನಡುವೆ ಕಲ್ಲಿಗೆ ತಗುಲಿ ಬ್ಲೇಡು ಮುರಿದಿತ್ತು. ಹತ್ತಿರದ ಯಾವ ವರ್ಕ್‌ಶಾಪಿನಲ್ಲೂ ಅದಕ್ಕೆ ಹೊಂದುವ ಬ್ಲೇಡು ಸಿಗಲಿಲ್ಲ. ಶಿವಣ್ಣ ಹೊಸದು ಮಾಡಿಕೊಂಡು ಹೋಗುವಷ್ಟರಲ್ಲಿ ಮೂರು ದಿನವಾಗಿ, ಮಳೆ ಹಿಡಿದು, ಅರ್ಧ ಹೊಲದ ಗಡ್ಡೆ ಮಣ್ಣಲ್ಲೇ ಕೊಳೆತಿತ್ತು. ಆ ರೈತ ಯಂತ್ರವನ್ನು ಕೊಟ್ಟಿಗೆಯ ಹಿಂದೆ ನಿಲ್ಲಿಸಿ, ಮರುವರ್ಷ ಮತ್ತೆ ಆಳುಗಳನ್ನು ಕರೆದಿದ್ದರು.

"ನೀನೊಬ್ನೇ ಎಷ್ಟು ಹೊಲಕ್ಕೆ ಓಡ್ತೀಯ ಶಿವಣ್ಣ?" ಎಂದರು ಮೇಷ್ಟ್ರು. ಆಮೇಲೆ ಟೀ ಕುಡಿದು ಲೋಟ ತೊಳೆದಿಟ್ಟರು. ನಾವು ಬಾಗಿಲಿಗೆ ಬರುವಷ್ಟರಲ್ಲಿ ಹಿಂದಿನಿಂದ ಏಣಿ ಎಳೆದ ಸದ್ದಾಯಿತು.

ಆ ಕಡ್ಡಿಯ ಕಚ್ಚುಗಳನ್ನು ಅಳೆದು ನಕ್ಷೆಗೆ ಇಳಿಸಲು ಮೇಷ್ಟ್ರಿಗೆ ಒಂದು ತಿಂಗಳು ಹಿಡಿಯಿತು. ಮನೆಯ ಊಟದ ಮೇಜು ಅಷ್ಟೂ ದಿನ ಕಾಗದದ ಕೆಳಗಿತ್ತು; ಮನೆಯವರು ನೆಲದಲ್ಲಿ ಊಟ ಮಾಡಿದರು. ನಕ್ಷೆಯ ಮೂಲೆಯಲ್ಲಿ, ಮಾತು ಕೊಟ್ಟಂತೆ, ಶಿವಣ್ಣನ ಹೆಸರಿತ್ತು. ಬ್ಲೇಡು ಮಾಡುವ ಕೆಲಸವನ್ನು ಅವರು ಚನ್ನರಾಯಪಟ್ಟಣದ ನಾಗರತ್ನ ಎಂಬ ಶಿಷ್ಯೆಗೆ ವಹಿಸಿದರು. ಗಂಡ ತೀರಿಕೊಂಡ ಮೇಲೆ ಅವರ ವರ್ಕ್‌ಶಾಪನ್ನು ತಾವೇ ನಡೆಸುತ್ತಿದ್ದವರು. ಮಿತಭಾಷಿ. ನಕ್ಷೆಯನ್ನು ನೋಡಿ ಅವರು ಕೇಳಿದ್ದು ಒಂದೇ: "ಮೇಷ್ಟ್ರೇ, ಶಿವಣ್ಣ ಇದರ ಪ್ರಕಾರ ಮಾಡ್ತಾರಾ?"

"ಮಾಡ್ತಾನೆ," ಎಂದಿದ್ದರು ಮೇಷ್ಟ್ರು.

ಪರೀಕ್ಷೆ ನಡೆದದ್ದು ಹೊಳೆನರಸೀಪುರದ ಹೊರವಲಯದ ಒಂದು ಹೊಲದಲ್ಲಿ. ಕೇಂದ್ರದಿಂದ ಬಂದ ಎಂಜಿನಿಯರ್ ಒಬ್ಬ ಯುವತಿ. ಯಂತ್ರಕ್ಕೆ ಹೊಸ ಹಸಿರು ಬಣ್ಣ, ಅರಿಶಿನ ಕುಂಕುಮ, ಒಂದು ಚೆಂಡುಹೂವಿನ ಮಾಲೆ. ಶಿವಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಯಂತ್ರ ನಾಲ್ಕು ಸಾಲು ಹೋಗಿ ಬಂತು. ಗಡ್ಡೆಗಳು ಹಿಂದೆ ಸಾಲಾಗಿ, ಹೆಚ್ಚಿನವು ಸಿಪ್ಪೆ ಗಾಯವಾಗದೆ ಬಿದ್ದಿದ್ದವು. ಎಂಜಿನಿಯರ್ ತೂಕ ಮಾಡಿದರು, ಗಾಯಗೊಂಡ ಗಡ್ಡೆಗಳನ್ನು ಬೇರೆ ಮಾಡಿ ಎಣಿಸಿದರು, ಡೀಸೆಲ್ ಅಳೆದರು. ಅವರ ಮುಖದಲ್ಲಿ ತೃಪ್ತಿ ಕಾಣುತ್ತಿತ್ತು. ವರದಿಗೆ ಸಹಿ ಹಾಕಲು ಜೀಪಿನ ಬಾನೆಟ್ ಮೇಲೆ ಕಾಗದ ಹರಡಿದರು.

ಆಗ ಮೇಷ್ಟ್ರು, "ಒಂದು ನಿಮಿಷ ತಾಯಿ. ಬ್ಲೇಡು ಬದ್ಲಾಯ್ಸಿ ನೋಡಿ," ಎಂದರು.

"ಅದು ನಮ್ಮ ಪರೀಕ್ಷೆಯ ಪಟ್ಟಿಯಲ್ಲಿ ಇಲ್ಲವಲ್ಲ ಸರ್."

"ಇಲ್ದೇ ಇರ್ಬೋದು. ನೋಡಿ."

ನಾಗರತ್ನ ತಾವು ಮಾಡಿ ತಂದಿದ್ದ ಬ್ಲೇಡನ್ನು ಮುಂದೆ ಕೊಟ್ಟರು. ಶಿವಣ್ಣ ತಾನೇ ಮಾಡಿ ಹಾಕಿದ್ದ ಹಳೆಯದನ್ನು ಬಿಚ್ಚಿ ಹೊಸದನ್ನು ಎರಡು ಪಕ್ಕದ ಉಕ್ಕಿನ ಪಟ್ಟಿಗಳ ನಡುವೆ ಕೂರಿಸಲು ನೋಡಿದರು. ಹೋಗಲಿಲ್ಲ. ಸುತ್ತಿಗೆಯಿಂದ ಬಡಿದರೂ ಹೋಗಲಿಲ್ಲ. ಮೇಷ್ಟ್ರು ಜೇಬಿನಿಂದ ಕ್ಯಾಲಿಪರ್ ತೆಗೆದು ಪಟ್ಟಿಯ ದಪ್ಪ ಅಳೆದರು. ಎರಡು ಕಡೆಯೂ ನಕ್ಷೆಗಿಂತ ಒಂದೊಂದು ನೂಲು ಜಾಸ್ತಿ. ನೂಲು ಎಂದರೆ ಇಂಚಿನ ಎಂಟನೆಯ ಒಂದು ಪಾಲು. ದಪ್ಪ ಒಳಗಡೆಗೆ ಬೆಳೆದದ್ದರಿಂದ ನಡುವಿನ ಜಾಗ ಕಾಲಿಂಚು ಕಿರಿದಾಗಿತ್ತು.

"ಏನ್ಲಾ ಇದು?"

ಶಿವಣ್ಣ ತಬ್ಬಿಬ್ಬಾಗಿದ್ದ. "ಕೊಸರು ಸಾ."

ಸಂತೆಯಲ್ಲಿ ಅಳೆದು ಕೊಟ್ಟ ಮೇಲೆ ಒಂದು ಹಿಡಿ ಮೇಲೆ ಹಾಕುತ್ತಾರಲ್ಲ, ಆ ಕೊಸರು. ಗಿರಾಕಿಗೆ ಕೊಸರು ಕೊಡದವನು ಜಿಪುಣ ಎನ್ನುವ ಊರಿನಲ್ಲಿ ಹುಟ್ಟಿದವನು ಅವನು. "ಸರ್ಕಾರದೋರು ನೋಡೋ ಮಿಷಿನ್ನು, ಕಮ್ಮಿ ಮಾಡ್ದ ಅನ್ನಿಸ್ಕೋಬಾರ್ದು ಅಂತ ದಪ್ಪ ಪಟ್ಟಿ ಹಾಕ್ದೆ. ನನ್ನ ಕೈಯಿಂದ್ಲೇ ದುಡ್ಡು ಹಾಕಿದ್ದು ಸಾ, ಯಾರತ್ರಾನೂ ಕೇಳ್ಲಿಲ್ಲ."

ಎಂಜಿನಿಯರ್ ಇಬ್ಬರನ್ನೂ ನೋಡಿದರು. "ಕೆಲಸ ಚೆನ್ನಾಗಿಯೇ ಮಾಡಿದೆ ಸರ್. ಉತ್ತೀರ್ಣ ಎಂದು ಬರೆಯುತ್ತೇನೆ. ಪಟ್ಟಿಯನ್ನು ಆಮೇಲೆ ಸರಿ ಮಾಡಿಕೊಳ್ಳಿ."

"ಬರೀಬೇಡಿ ತಾಯಿ."

ಟ್ರಾಕ್ಟರಿನ ಚಾಲಕ ಎಂಜಿನ್ ಆರಿಸಿದ.

"ನೀವು ಬರ್ದ್ರೆ ಇದು ಇಲಾಖೆ ಪಟ್ಟಿಗೆ ಸೇರ್ತದೆ. ಸೇರಿದ ಮೇಲೆ ಇವ್ನು ಇಂಗೇ ಮಾಡ್ತಾನೆ, ಆಯಮ್ಮ ಅಂಗೆ ಮಾಡ್ತಾಳೆ. ಆಮೇಲೆ ಮಳೇಲಿ ಹೊಲದ ನಡುವೆ ನಿಲ್ಲೋನು ರೈತ. ಆವತ್ತು ನಾವ್ಯಾರೂ ಅಲ್ಲಿರಾಕಿಲ್ಲ."

ಎಂಜಿನಿಯರ್ ಕಾಗದ ಮಡಿಚಿದರು. ಮುಂದಿನ ಪರೀಕ್ಷೆ ಮುಂದಿನ ಬೆಳೆಗೆ, ಅಂದರೆ ಒಂದು ವರ್ಷದ ನಂತರ. ಶಿವಣ್ಣ ಚೆಂಡುಹೂವಿನ ಮಾಲೆ ಕಿತ್ತು ಬದುವಿನ ಮೇಲೆ ಎಸೆದು, ಮೇಷ್ಟ್ರ ಮುಖ ನೋಡದೆ, ಯಂತ್ರ ಎಳೆಸಿಕೊಂಡು ಅರಕಲಗೂಡಿಗೆ ಹೋದ.

ಮಾರನೆಯ ದಿನ ನನ್ನ ವರದಿ ಬಂತು. ಯಂತ್ರ ಅನುತ್ತೀರ್ಣ ಎಂದು ಬರೆದಿದ್ದೆ, ಕಾರಣವನ್ನೂ ಬರೆದಿದ್ದೆ. ಯಾರನ್ನೂ ಸಮರ್ಥಿಸಿರಲಿಲ್ಲ. ಮೇಷ್ಟ್ರು ಸಿಟ್ಟಾಗುವರೇನೋ ಎಂದು ಫೋನ್ ಮಾಡಿದೆ.

"ಸರಿಯಾಗೈತೆ. ಒಂದು ತಪ್ಪೈತೆ," ಎಂದರು. "ಪಟ್ಟಿ 'ಸ್ವಲ್ಪ' ದಪ್ಪ ಇತ್ತು ಅಂತ ಹಾಕಿದ್ದೀರಿ. ಸ್ವಲ್ಪ ಅನ್ನೋದು ಯಾವ ಅಳ್ತೆ ಸ್ವಾಮಿ?"

ಆ ವರ್ಷ ಅವರಿಗೆ ಸುಲಭದ್ದಾಗಿರಲಿಲ್ಲ. ಮೇಷ್ಟ್ರೇ ಶಿಷ್ಯನ ಅನ್ನಕ್ಕೆ ಮಣ್ಣು ಹಾಕಿದರು ಎಂಬ ಮಾತು ಮೂರು ತಾಲ್ಲೂಕುಗಳ ವರ್ಕ್‌ಶಾಪ್‌ಗಳಲ್ಲೂ ಸುತ್ತಿತು. ಮೊದಲು ಕಂಡ ಕೂಡಲೇ ಸ್ಟೂಲು ಎಳೆದುಕೊಡುತ್ತಿದ್ದವರು ಕೆಲಸದಲ್ಲಿ ಮುಳುಗಿದಂತೆ ನಟಿಸಿದರು. ಅಷ್ಟರಲ್ಲಿ ಹೊರರಾಜ್ಯದ ಯಂತ್ರ ಮಾರುವವರೊಬ್ಬರು ಶಿವಣ್ಣನಿಗೆ ತಮ್ಮ ಏಜೆನ್ಸಿ ಕೊಡಲು ಮುಂದೆ ಬಂದರು. ಯಂತ್ರ ಅವರದು, ಮಾರಾಟ ಮತ್ತು ರಿಪೇರಿ ಇವನದು. ಶಿವಣ್ಣ ಒಪ್ಪುವ ಹಂತಕ್ಕೆ ಬಂದಿದ್ದ. ಬೋರ್ಡು ಬರೆಸಲು ಕೊಟ್ಟಿದ್ದಾನೆ ಎಂದು ನಾಗರತ್ನ ನನಗೆ ಹೇಳಿದರು. ಮೇಷ್ಟ್ರಿಗೂ ಹೇಳಿದ್ದರು.

ಮೇಷ್ಟ್ರು ಶಿವಣ್ಣನ ಮನೆಗೆ ಹೋಗಲಿಲ್ಲ, ಫೋನೂ ಮಾಡಲಿಲ್ಲ. ತಾವು ಹಿಂದೆ ಪಾಠ ಹೇಳುತ್ತಿದ್ದ ಸಂಸ್ಥೆಗೆ ಹೋಗಿ, ಅನುಮತಿ ಪಡೆದು, ಅರವತ್ತು ದಾಟಿದ ಕೈಯಲ್ಲಿ ಅರ ಹಿಡಿದು ಒಂದು ಉಕ್ಕಿನ ತುಂಡನ್ನು ಉಜ್ಜಿದರು. ಅದು ಅಳತೆಯ ಗೇಜು. ಅದರ ಒಂದು ತುದಿ ಪಟ್ಟಿಗಳ ನಡುವಿನ ಜಾಗದಲ್ಲಿ ಸಲೀಸಾಗಿ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಎರಡೂ ಸರಿಯಾದರೆ ಯಂತ್ರ ಸರಿ. ಓದು ಬೇಡ, ನಕ್ಷೆ ಬೇಡ, ಮೇಷ್ಟ್ರೂ ಬೇಡ. ಒಂದೇ ಥರದ ಮೂರು ಮಾಡಿದರು. ಒಂದನ್ನು ನಾಗರತ್ನರಿಗೆ ಕೊಟ್ಟು, ಇನ್ನೊಂದನ್ನು ಅವರ ಕೈಯಲ್ಲೇ ಶಿವಣ್ಣನಿಗೆ ಕಳಿಸಿದರು.

ಅದನ್ನು ಕೊಟ್ಟಾಗ ನಡೆದ ಮಾತನ್ನು ನಾಗರತ್ನ ನನಗೆ ಹೇಳಿದ್ದು ಹೀಗೆ. ಶಿವಣ್ಣ ಗೇಜನ್ನು ತಿರುಗಿಸಿ ನೋಡಿ, "ಮೇಷ್ಟ್ರು ಏನಂದ್ರಕ್ಕ?" ಎಂದನಂತೆ. "ಏನೂ ಅನ್ಲಿಲ್ಲ. ಇದ್ರಲ್ಲಿ ಕೊಸರಿಲ್ಲ ಅಂದ್ರು," ಎಂದರಂತೆ ಇವರು. ಶಿವಣ್ಣ ಹಳೆಯ ಯಂತ್ರದ ಬಳಿ ಹೋಗಿ ಗೇಜು ಹಾಕಿ ನೋಡಿದನಂತೆ. ಹೋಗಲಿಲ್ಲ. ಗ್ಯಾಸ್ ಕಟರ್ ಹೊತ್ತಿಸಿ ಎರಡೂ ಪಟ್ಟಿಗಳನ್ನು ಅಲ್ಲೇ ಕತ್ತರಿಸಿ ತೆಗೆದನಂತೆ. ಏಜೆನ್ಸಿಯ ಬೋರ್ಡು ಬರಲೇ ಇಲ್ಲ.

ಮರುವರ್ಷ ಎರಡು ಯಂತ್ರಗಳು ಪರೀಕ್ಷೆಗೆ ನಿಂತವು. ಒಂದು ಅರಕಲಗೂಡಿನದು, ಒಂದು ನಾಗರತ್ನ ಅದೇ ನಕ್ಷೆಯಿಂದ ಚನ್ನರಾಯಪಟ್ಟಣದಲ್ಲಿ ಮಾಡಿದ್ದು. ಅದೇ ಎಂಜಿನಿಯರ್ ಬಂದಿದ್ದರು. ಈ ಸಲ ಬ್ಲೇಡು ಬದಲಿಸಿ ತೋರಿಸಿ ಎಂದು ಅವರೇ ಕೇಳಿದರು. ಒಂದರ ಬ್ಲೇಡು ಇನ್ನೊಂದಕ್ಕೆ ಕೂತಿತು. ಅವರು ಜೀಪಿನ ಬಾನೆಟ್ ಮೇಲೆ ಸಹಿ ಹಾಕುವಾಗ ಶಿವಣ್ಣ ಹೊಲದ ಬದುವಿನ ಕಡೆ ನೋಡುತ್ತಿದ್ದ. ಮೇಷ್ಟ್ರು ಅಲ್ಲಿರಲಿಲ್ಲ. ಅವರಿಗೆ ಆಗಲೇ ಶ್ವಾಸಕೋಶದ ಕಾಯಿಲೆ ಬಲಿತಿತ್ತು, ಮನೆ ಬಿಟ್ಟು ಬರುವಂತಿರಲಿಲ್ಲ.

ವರದಿ ಅಚ್ಚಾದ ದಿನ ಪತ್ರಿಕೆ ಹಿಡಿದು ಹೊಳೆನರಸೀಪುರಕ್ಕೆ ಹೋದೆ. ಅವರು ಬನಿಯನ್ನಿನಲ್ಲಿ ದಿಂಬಿಗೆ ಒರಗಿ ಕೂತಿದ್ದರು. ಜೇಬಿಲ್ಲದ್ದರಿಂದ ಕ್ಯಾಲಿಪರ್ ಕಿಟಕಿಯ ಮೇಲೆ, ಮಾತ್ರೆಗಳ ಪಕ್ಕದಲ್ಲಿತ್ತು. ಪತ್ರಿಕೆಯನ್ನು ಕಣ್ಣ ಹತ್ತಿರ ಹಿಡಿದು ನಿಧಾನವಾಗಿ, ಸಾಲಿನ ಕೆಳಗೆ ಬೆರಳಿಟ್ಟು ಓದಿದರು.

"ಶಿವಣ್ಣ ಬಂದಿದ್ದ ನಿನ್ನೆ," ಎಂದರು.

"ಏನಂದ?"

"ಕಾಲ್ ಹತ್ರ ಕೂತಿದ್ದ. ಎದ್ದೋಗುವಾಗ ಆಲೂಗಡ್ಡೆ ಇಟ್ಟೋದ. ಒಂದು ಮೂಟೆ ಕೇಳಿದ್ದಕ್ಕೆ ಒಂದೂವರೆ ತಂದವ್ನೆ, ಕೊಸರು ಬಿಡಾಕಿಲ್ಲ ನನ್ಮಗ." ನಕ್ಕರು, ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಕೇಳಿದರು: "ಎರಡಾಯ್ತು. ಮೂರನೇದು ಯಾರು ಮಾಡ್ತಾವ್ರೆ?"

ವಿಚಾರಿಸಿ ಹೇಳುತ್ತೇನೆ ಎಂದೆ. ಕಿಟಕಿಯ ಮೇಲಿದ್ದ ಮೂರನೆಯ ಗೇಜನ್ನು ತೋರಿಸಿ, "ಅದು ಅವ್ರಿಗೆ," ಎಂದರು. ಅದೇ ನಮ್ಮ ಕೊನೆಯ ಭೇಟಿ. ವಿಚಾರಿಸಿ ಹೇಳುವಷ್ಟು ಕಾಲ ಅವರು ಉಳಿಯಲಿಲ್ಲ.

ಈ ವರ್ಷದ ಕೊಯ್ಲಿನಲ್ಲಿ ಬೇರೊಂದು ಸುದ್ದಿಗೆಂದು ಹರದನಹಳ್ಳಿಯ ಕಡೆ ಹೋಗಿದ್ದೆ. ದಾರಿ ಬದಿಯ ಹೊಲದಲ್ಲಿ ಹಸಿರು ಯಂತ್ರವೊಂದು ಗಡ್ಡೆ ಕೀಳುತ್ತಿತ್ತು. ನೋಡುತ್ತಿದ್ದಂತೆ ಕಲ್ಲಿಗೆ ತಗುಲಿದ ಸದ್ದಾಗಿ ಟ್ರಾಕ್ಟರ್ ನಿಂತಿತು. ಆಕಾಶದಲ್ಲಿ ಮೋಡವಿತ್ತು. ಗಡ್ಡೆ ಆರಿಸುತ್ತಿದ್ದ ಹೆಂಗಸರು ಟೀ ಕುಡಿಯಲು ಬದುವಿನ ಮೇಲೆ ಕೂತರು. ನಾನು ಬೈಕಿನಿಂದ ಇಳಿದೆ. ಯಂತ್ರದ ಪಕ್ಕದಲ್ಲಿ ಅರಕಲಗೂಡು ಎಂದು ಬರೆದಿತ್ತು. ಚಾಲಕ ಬಾಗಿದ ಬ್ಲೇಡನ್ನು ಬಿಚ್ಚಿ, ಟ್ರಾಕ್ಟರಿನ ಸೀಟಿನ ಕೆಳಗಿಂದ ಇನ್ನೊಂದು ತೆಗೆದ. ಅದರ ಮೇಲೆ ಉಕ್ಕಿನಲ್ಲಿ ಅಚ್ಚೊತ್ತಿದ್ದದ್ದು ಚನ್ನರಾಯಪಟ್ಟಣದ ಗುರುತು. ಪಟ್ಟಿಗಳ ನಡುವೆ ತಳ್ಳಿದ, ಹೋಗಿ ಕೂತಿತು. ನಾಲ್ಕು ಬೋಲ್ಟುಗಳನ್ನೂ ಮೊದಲು ಬೆರಳಿನಲ್ಲೇ ತಿರುಗಿಸಿದ.

"ರಿಪೇರಿ ಆಯ್ತೇನ್ಲಾ?" ಎಂದು ಬದುವಿನಿಂದ ಒಬ್ಬಾಕೆ ಕೂಗಿದರು.

"ರಿಪೇರಿ ಏನಕ್ಕಾ, ಬ್ಲೇಡ್ ಬದ್ಲಾಯ್ಸ್ದೆ ಅಷ್ಟೇಯಾ."

ಈ ಬ್ಲೇಡು ಯಾರು ಮಾಡಿದ್ದು ಗೊತ್ತೇ ಎಂದು ನಾನು ಕೇಳಿದೆ. ಅವನು ಸ್ಪ್ಯಾನರ್ ಎತ್ತಿಟ್ಟು, ಈ ಪ್ರಶ್ನೆ ಯಾಕೆ ಎಂಬಂತೆ ನನ್ನನ್ನು ನೋಡಿದ.

"ಯಾರು ಮಾಡ್ತಾರೋ ಸಾ. ಅಂಗಡೀಲಿ ಸಿಕ್ತದೆ."

ಬದುವಿನ ಮೇಲೆ ಟೀ ಮುಗಿಯುವ ಮೊದಲೇ ಟ್ರಾಕ್ಟರ್ ಹೊರಟಿತು.